ಮೋಟಾರ್ ಗ್ಲೈಡರ್ ಹಾರಿಸುವಾಗ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಂತಾಮಣಿ ಕಡೆಯವನು. ಮೋಟಾರ್ ಗ್ಲೈಡರ್ ಹಾರಿಸಲು ಕಲಿತದ್ದು ಊರಿನಿಂದ ತುಂಬಾ ದೂರದಲ್ಲಿ. ರಜೆಗೆ ಬಂದಾಗಲೆಲ್ಲ ಟೀ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಒಂದೇ ಥರದ ಪ್ರಶ್ನೆಗಳು. ಈಚೆಗೆ ಕೋಲಾರ, ತುಮಕೂರು ಕಡೆಯ ನಾಲ್ಕೈದು ಹುಡುಗ ಹುಡುಗಿಯರು ಕಲಿಯಲು ಹೊರಟಿದ್ದಾರೆ. ಅವರ ಪ್ರಶ್ನೆಗಳು ಇನ್ನೂ ಚುರುಕು. ಎಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಇದನ್ನು ಓದಿದರೆ ಹಾರಲು ಬರುವುದಿಲ್ಲ, ಅದಕ್ಕೆ ಗುರು ಬೇಕು. ನಿಮ್ಮ ವಿಮಾನದ ಕೈಪಿಡಿ ಒಂದು ಹೇಳಿ ನಾನು ಇನ್ನೊಂದು ಹೇಳಿದ್ದರೆ ಕೈಪಿಡಿಯ ಮಾತೇ ಕೇಳಿ.

ಇಂಜಿನ್ ಇದ್ದ ಮೇಲೆ ಗ್ಲೈಡರ್ ಅಂತ ಯಾಕೆ ಕರೀತಾರೆ?

ರೆಕ್ಕೆ ನೋಡಿ ಗೊತ್ತಾಗುತ್ತದೆ. ಸೂಪರ್ ಡಿಮೋನಾ ಎಂಬ ಎರಡು ಸೀಟಿನ ಮೋಟಾರ್ ಗ್ಲೈಡರ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 16 ಮೀಟರ್‌ಗೂ ಜಾಸ್ತಿ. ಇಂಜಿನ್ ನಿಲ್ಲಿಸಿದರೆ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು 27 ಕಿಲೋಮೀಟರ್ ಜಾರಿಕೊಂಡು ಹೋಗುತ್ತದೆ. ಅದು ಗಾಳಿ ಅಲುಗಾಡದ ದಿನದ ಮಾತು. ಎದುರುಗಾಳಿ, ಕೆಳಕ್ಕೆ ಒತ್ತುವ ಗಾಳಿ ಇದ್ದಾಗ ನಾನು ಅರ್ಧವೇ ಲೆಕ್ಕ ಹಿಡಿಯುತ್ತೇನೆ.

ಇದರಲ್ಲಿ ಎರಡು ಜಾತಿ. ಡಿಮೋನಾ, ಫಾಲ್ಕೆ, ಗ್ರೋಬ್ 109 ಇವುಗಳಿಗೆ ಮಾಮೂಲಿ ವಿಮಾನದ ಹಾಗೆ ಮೂಗಿನಲ್ಲಿ ಇಂಜಿನ್. ಇನ್ನೊಂದು ಜಾತಿಯಲ್ಲಿ ಪೈಲಟ್ ಬೆನ್ನ ಹಿಂದೆ ಇಂಜಿನ್ ಮಡಚಿಕೊಂಡು ಕೂತಿರುತ್ತದೆ. ಬೇಕಾದಾಗ ಕಂಬದ ಮೇಲೆ ಎದ್ದು ನಿಲ್ಲುತ್ತದೆ. ನೋಡಲು ಎರಡನೆಯದು ಚೆಂದ. ಯಾಮಾರಿಸುವುದೂ ಅದೇ ಜಾಸ್ತಿ.

ಆಕಾಶದಲ್ಲಿ ಇಂಜಿನ್ ನಿಲ್ಲಿಸಿದರೆ ಭಯ ಆಗಲ್ವಾ?

ಮೊದಲ ಸಲ ಆಯಿತು. ಪ್ರೊಪೆಲ್ಲರ್ ಕಣ್ಣೆದುರಿಗೇ ಗಕ್ಕನೆ ನಿಂತಾಗ ಹೊಟ್ಟೆಯೊಳಗೆ ಏನೋ ಜಾರಿದ ಹಾಗೆ ಅನ್ನಿಸಿತು. ಹತ್ತು ಸೆಕೆಂಡ್ ಕಳೆದ ಮೇಲೆ ಗಾಳಿಯ ಸದ್ದು ಮಾತ್ರ ಉಳಿಯಿತು. ಮೂಗು ಮೇಲೆ ಎತ್ತಿದರೆ ಸದ್ದು ಕಡಿಮೆ, ತಗ್ಗಿಸಿದರೆ ಜಾಸ್ತಿ. ಸ್ವಲ್ಪ ದಿನಕ್ಕೆ ಮೀಟರ್ ನೋಡದೆಯೇ ಕಿವಿಯಲ್ಲೇ ವೇಗ ಅಂದಾಜಾಗುತ್ತದೆ.

ಆದರೆ ಸುಮ್ನೆ ಕೀ ತಿರುಗಿಸಿ ನಿಲ್ಲಿಸುವಂತಿಲ್ಲ. ಪೂರ್ತಿ ಶಕ್ತಿಯಲ್ಲಿ ಏರಿದ ಇಂಜಿನ್ ಕೆಂಡವಾಗಿರುತ್ತದೆ. ಶಕ್ತಿ ಇಳಿಸಿ, ಒಂದೆರಡು ನಿಮಿಷ ಹಾಗೇ ಓಡಿಸಿ, ತಾಪ ಇಳಿದದ್ದನ್ನು ಮೀಟರ್‌ನಲ್ಲಿ ನೋಡಿ ಆಮೇಲೆ ನಿಲ್ಲಿಸಬೇಕು. ಪ್ರೊಪೆಲ್ಲರ್ ಅಲಗನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸುವ ಸೌಲಭ್ಯ ಇದ್ದರೆ ತಿರುಗಿಸಬೇಕು. ಆಮೇಲೆ ಬೇಡದ ವಿದ್ಯುತ್ ಸಾಮಾನನ್ನೆಲ್ಲ ಆರಿಸಿ. ಮತ್ತೆ ಸ್ಟಾರ್ಟ್ ಮಾಡಬೇಕಾದ್ದು ಅದೇ ಬ್ಯಾಟರಿಯಿಂದ ಅಲ್ವಾ?

ಮತ್ತೆ ಸ್ಟಾರ್ಟ್ ಆಗದಿದ್ದರೆ?

ಎಲ್ಲರೂ ಕೇಳುವುದು ಇದನ್ನೇ, ಕೇಳಬೇಕಾದ್ದೂ ಇದನ್ನೇ. ಉತ್ತರ ಒಂದೇ ಸಾಲು: ಆಗುವುದಿಲ್ಲ ಎಂದುಕೊಂಡೇ ಹಾರಿ. ಇಳಿಸಲು ಹೊಲ ಗೊತ್ತುಮಾಡಿಕೊಂಡ ಮೇಲೆ ಇಂಜಿನ್‌ಗೆ ಕೈ ಹಾಕಿ. ಮೊದಲು ಇಂಜಿನ್, ಆಗದಿದ್ದರೆ ಹೊಲ ಎಂದು ಲೆಕ್ಕ ಹಾಕಿದವರು ಕೊನೆಗೆ ಎರಡೂ ಇಲ್ಲದೆ ಸಿಕ್ಕಿಕೊಳ್ಳುತ್ತಾರೆ.

ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. ನೆಲದಿಂದ 2,000 ಅಡಿಗೆ ಬಂದಾಗ ಇಳಿಸಬಹುದಾದ ಒಂದು ಹೊಲ ಕೈಗೆ ಸಿಗುವಂತಿರಬೇಕು. 1,500 ಅಡಿಗೆ ಬರುವ ಮೊದಲೇ, ಆ ಹೊಲದ ಮೇಲೆಯೇ ಸುತ್ತುತ್ತಾ, ಇಂಜಿನ್ ಸ್ಟಾರ್ಟ್ ಮಾಡಲು ನೋಡುತ್ತೇನೆ. 1,000 ಅಡಿಗೆ ಇಳಿದರೆ ಇಂಜಿನ್ ಮರೆತುಬಿಡುತ್ತೇನೆ. ಅಲ್ಲಿಂದ ಮುಂದೆ ನನ್ನದು ಬರೀ ಗ್ಲೈಡರ್. ನಿಮ್ಮ ವಿಮಾನ, ನಿಮ್ಮ ಅನುಭವ ನೋಡಿ ಗುರುಗಳು ಬೇರೆ ಅಂಕಿ ಹೇಳಬಹುದು. ಅಂಕಿ ಯಾವುದಾದರೂ ಇರಲಿ, ಅದನ್ನು ನೆಲದ ಮೇಲೆ ಕೂತಾಗ ಗೊತ್ತುಮಾಡಿ. ಗಾಬರಿಯಾದ ಮೇಲೆ ಗೊತ್ತುಮಾಡಲು ಹೋದರೆ ಇನ್ನೂ ನೂರು ಅಡಿ ಇರಲಿ, ಇನ್ನೊಂದು ಸಲ ನೋಡೋಣ ಎನ್ನುತ್ತಲೇ ಇರುತ್ತೀರಿ.

ಇದು ನನ್ನ ಸ್ವಂತ ಕಥೆ. ಇಂಜಿನ್ ಮಡಚುವ ಎರಡು ಸೀಟಿನ ವಿಮಾನ, ಹಿಂದೆ ಗುರುಗಳು. 1,900 ಅಡಿಯಲ್ಲಿ ಇಂಜಿನ್ ಮೇಲೆತ್ತಿದೆ. ಸ್ಟಾರ್ಟರ್ ಒತ್ತಿದೆ. ತಿರುಗಿತು, ಹತ್ತಲಿಲ್ಲ. ಮತ್ತೆ ಒತ್ತಿದೆ. ಚೋಕ್ ಎಳೆದೆ, ಬಿಟ್ಟೆ, ಮತ್ತೆ ಒತ್ತಿದೆ. ತಲೆ ತಗ್ಗಿಸಿ ಸ್ವಿಚ್ಚುಗಳನ್ನೇ ನೋಡುತ್ತಿದ್ದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಭುಜ ತಟ್ಟಿತು. "ಸಾಕು. ತಲೆ ಎತ್ತು. ಹೊಲ ಎಲ್ಲಿದೆ ಹೇಳು." ಮೀಟರ್ ನೋಡಿದರೆ ನೆಲಕ್ಕೆ 1,100 ಅಡಿ ಉಳಿದಿತ್ತು. ಇಂಜಿನ್ ಮಡಚಿದ್ದಾಗ ನಿಧಾನಕ್ಕೆ ಇಳಿಯುವ ಗ್ಲೈಡರ್, ಓಡದ ಇಂಜಿನ್ ಕಂಬದ ಮೇಲೆ ಎದ್ದು ನಿಂತಾಗ ಅರ್ಧ ಬಿಚ್ಚಿದ ಕೊಡೆ ಹಿಡಿದಂತೆ ಗಾಳಿಗೆ ಅಡ್ಡವಾಗಿ ಬೇಗ ಬೇಗ ಇಳಿಯುತ್ತದೆ. ಅದು ಪುಸ್ತಕದಲ್ಲಿ ಓದಿ ಗೊತ್ತಿತ್ತು. ಮೈಗೆ ಗೊತ್ತಾದದ್ದು ಅವತ್ತೇ. ಹೊಲದಲ್ಲಿ ಸರಿಯಾಗಿಯೇ ಇಳಿದೆವು. ಇಳಿದ ಮೇಲೆ ನೋಡಿದರೆ ಪೆಟ್ರೋಲ್ ಕಾಕ್ ಮುಚ್ಚಿತ್ತು. ಮುಚ್ಚಿದ್ದವನು ನಾನೇ.

ಅದಕ್ಕೇ ಚೆಕ್‌ಲಿಸ್ಟ್ ಬಾಯಿಪಾಠ ಬೇಡ. ಬೆರಳಿಟ್ಟು ಓದಿ: ಕಾಕ್, ಇಗ್ನಿಷನ್, ಚೋಕ್, ಪ್ರೊಪೆಲ್ಲರ್. ಸ್ಟಾರ್ಟ್ ಮಾಡಲು ಎರಡು ಸಲ ನೋಡಿ. ಮೂರನೆಯ ಸಲಕ್ಕೆ ಹೊಲದ ಕಡೆ ತಿರುಗಿ. ಸ್ಟಾರ್ಟ್ ಆದರೂ ಕೂಡಲೇ ಪೂರ್ತಿ ಶಕ್ತಿ ಕೊಡಬೇಡಿ. ಮೇಲಿನ ತಂಪಿನಲ್ಲಿ ಅರ್ಧ ಗಂಟೆ ನಿಂತ ಇಂಜಿನ್‌ನ ಆಯಿಲ್ ಗಟ್ಟಿಯಾಗಿರುತ್ತದೆ. ರೋಟಾಕ್ಸ್ 912 ಇಂಜಿನ್‌ಗೆ ಆಯಿಲ್ 50 ಡಿಗ್ರಿ ಮುಟ್ಟುವವರೆಗೆ ಕಾಯಬೇಕು. ಹಾಗೆ ಕಾಯಲೂ ಎತ್ತರ ಬೇಕು. ಎತ್ತರದಲ್ಲೇ ಶುರು ಮಾಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಜಿಲ್ಲೆಗಳಲ್ಲಿ ಇಳಿಸಲು ಜಾಗ ಎಲ್ಲಿದೆ?

ಚಿಂತಾಮಣಿಯಿಂದ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಹೋಗುವಾಗಲೂ ನನ್ನ ಕಣ್ಣು ಕಿಟಕಿಯಾಚೆ ಹೊಲ ಹುಡುಕುತ್ತಿರುತ್ತದೆ. ಇದು ಗ್ಲೈಡರ್‌ನವರಿಗೆಲ್ಲ ಅಂಟುವ ರೋಗ. ಒಳ್ಳೆಯ ರೋಗ, ಅಂಟಿಸಿಕೊಳ್ಳಿ.

ಒಳ್ಳೆಯ ಕಾಲ ಅಂದರೆ ರಾಗಿ ಕೊಯ್ಲು ಮುಗಿದ ಮೇಲೆ. ಜನವರಿಯಿಂದ ಮಳೆ ಬೀಳುವವರೆಗೆ ರಾಗಿ ಹೊಲಗಳು ಬರೀ ಕೂಳೆಯಲ್ಲಿ ಬಿದ್ದಿರುತ್ತವೆ. ಸಿರಾ, ಪಾವಗಡ ಕಡೆ ಕಡಲೆಕಾಯಿ ಕಿತ್ತ ಹೊಲಗಳೂ ಹಾಗೆಯೇ. ಆದರೆ ಮೇಲಿನಿಂದ ಮಟ್ಟಸ ಕಂಡದ್ದೆಲ್ಲ ಮಟ್ಟಸ ಇರುವುದಿಲ್ಲ. ಕಳೆದ ಸಂಕ್ರಾಂತಿಗೆ ಬಂದಾಗ ನಮ್ಮ ಮಾವನ ಹೊಲವನ್ನು ಆ ಬದುವಿನಿಂದ ಈ ಬದುವಿಗೆ ನಡೆದು ಅಳೆದೆ. 270 ಹೆಜ್ಜೆ. ಮಾವ ಜಗಲಿಯಿಂದ ನೋಡಿ, "ಏನಪ್ಪಾ ಅಳೀತಿದೀಯ, ಭಾಗ ಕೇಳೋಕೆ ಬಂದ್ಯಾ?" ಅಂದರು. ನಡುವೆ ಒಂದು ಕಡೆ ಮೊಣಕಾಲುದ್ದ ಕಬ್ಬಿಣದ ಪೈಪು ನೆಟ್ಟಗೆ ನಿಂತಿತ್ತು. ನೀರು ಬಾರದೆ ಬಿಟ್ಟ ಬೋರ್‌ವೆಲ್ಲಿನ ಕೇಸಿಂಗ್, ಬಾಯಿಗೆ ಕಲ್ಲು ಮುಚ್ಚಿದ್ದರು. ಮಣ್ಣಿನ ಬಣ್ಣಕ್ಕೇ ತಿರುಗಿದೆ. 1,000 ಅಡಿಯಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ಬೋರ್ ಕೊರೆಸದ ಹೊಲ ಎಷ್ಟಿದೆ ಹೇಳಿ?

ಆದ್ದರಿಂದ ಗುರುತು ನೋಡಿ. ಹೊಲದ ಮೂಲೆಯಲ್ಲಿ ಪಂಪ್‌ಸೆಟ್ಟಿನ ಪುಟ್ಟ ಮನೆ ಅಥವಾ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಡರೆ ಅಲ್ಲಿಗೆ ತಂತಿ ಬಂದೇ ಬಂದಿರುತ್ತದೆ. ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ಗೆರೆ ಎಳೆದುಕೊಳ್ಳಿ. ದೊಡ್ಡ ಟವರ್‌ಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಒಡಿಶಾದ ತಾಲ್ಚೇರಿನಿಂದ ಸುಮಾರು 1,400 ಕಿಲೋಮೀಟರ್ ದಾಟಿ ಬರುವ 500 ಕಿಲೋವೋಲ್ಟ್ ಲೈನು ಕೋಲಾರದ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಲೈನುಗಳು ಮತ್ತೆ ಬೇರೆ ಬೇರೆ ಕಡೆಗೆ ಕವಲೊಡೆಯುತ್ತವೆ.

ಟೊಮ್ಯಾಟೊ ತೋಟ ಹಸಿರು ಕಂಬಳಿ ಥರ ಕಂಡರೂ ಅದರ ತುಂಬ ಗೂಟ, ತಂತಿ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರ ಕಲ್ಲುಕಂಬದ ಮೇಲೆ ನಿಂತಿರುತ್ತದೆ. ಶ್ರೀನಿವಾಸಪುರದ ಮಾವಿನ ತೋಪು, ಗುಬ್ಬಿ ತಿಪಟೂರಿನ ತೆಂಗು ಅಡಿಕೆ ಬಗ್ಗೆ ಹೇಳುವುದೇ ಬೇಡ. ತಿಪಟೂರು ಕಡೆ ಹೋಗುವುದಾದರೆ ಎತ್ತರ ಜಾಸ್ತಿ ಇಟ್ಟುಕೊಂಡೇ ಹೋಗಿ. ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ. ಬೇರೆ ಕಡೆ ಎಷ್ಟೇ ಬಯಲಿರಲಿ, ಅಷ್ಟು ದೂರಕ್ಕೆ ಬರೀ ಗಾಜು.

ಕೆರೆ ಅಂಗಳದ ವಿಷಯ ಬೇರೆಯಾಗಿಯೇ ಹೇಳಬೇಕು. ಹಿಂದೆ ಕೋಲಾರದ ಕೆರೆ ಅಂದರೆ ಒಣ ನೆಲ, ಬಳ್ಳಾರಿ ಜಾಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಎಷ್ಟೋ ಕೆರೆಗಳು ತುಂಬಿವೆ. ಹಳೆಯ ಫೋಟೋ ನೋಡಿ ಇಲ್ಲಿ ಇಳಿಸಬಹುದು ಎಂದು ಗುರುತು ಹಾಕಿಕೊಂಡರೆ ನೀರಿಗೆ ಇಳಿಸುತ್ತೀರಿ. ಒಣಗಿದ ಕೆರೆಯಾದರೂ ಮೇಲೆ ಗರಿಗರಿ, ಕೆಳಗೆ ಕೆಸರು ಇರಬಹುದು. ಮಣ್ಣು ತೋಡಿದ ಗುಂಡಿಗಳೂ ಇರುತ್ತವೆ.

ಗಾಳಿಯ ದಿಕ್ಕಿಗೆ ಹೊಗೆ ನೋಡಿ. ಮಾಲೂರು ಕಡೆ ಇಟ್ಟಿಗೆ ಗೂಡುಗಳಿರುವುದು ನಮಗೆ ಉಪಕಾರವೇ. ಇಳಿಜಾರು ಹೊಲವಾದರೆ ಏರಿನ ಕಡೆಗೆ ಇಳಿಸಿ.

ಆಲ್ಟಿಮೀಟರ್ (ಎತ್ತರದ ಮೀಟರ್) 3,800 ಅಡಿ ಅಂತ ತೋರಿಸುತ್ತಿದ್ದರೆ ಸಾಕಷ್ಟು ಎತ್ತರ ಇದೆ ಅಲ್ವಾ?

ಇಲ್ಲ. ಅದು ಸಮುದ್ರಮಟ್ಟದಿಂದ. ನಮ್ಮ ನೆಲವೇ 2,700ರಿಂದ 3,000 ಅಡಿ ಎತ್ತರದಲ್ಲಿದೆ. ಮೀಟರ್‌ನಲ್ಲಿ 3,800 ಅಂದರೆ ಕಾಲಡಿ ಉಳಿದದ್ದು ಸುಮಾರು 1,000 ಅಡಿ, ಅಷ್ಟೇ. ಚೆನ್ನೈ ಕಡೆ ಸಮುದ್ರದ ಪಕ್ಕ ಕಲಿತು ಬಂದವರು ಇಲ್ಲಿ ಎಡವುತ್ತಾರೆ. ನನ್ನ ಗೆರೆಗಳನ್ನು ಹಾರುವ ಮೊದಲೇ, ನೆಲ 2,900 ಅಡಿ ಎಂದು ಹಿಡಿದು, ಸಮುದ್ರಮಟ್ಟದ ಲೆಕ್ಕಕ್ಕೆ ತಿರುಗಿಸಿ ಒಂದು ಚೀಟಿಯಲ್ಲಿ ಬರೆದು ತೊಡೆಗೆ ಕಟ್ಟಿಕೊಳ್ಳುತ್ತೇನೆ: 4,900, 4,400, 3,900. ಆಕಾಶದಲ್ಲಿ ಕಳೆಯುವ ಲೆಕ್ಕ ಮಾಡಲು ಹೋಗಬೇಡಿ.

ಏಪ್ರಿಲ್ ಬಿಸಿಲಿಗೆ ಇಂಜಿನ್ ಶಕ್ತಿ ಕಡಿಮೆಯಾಗುತ್ತದೆಯೇ?

ಆಗುತ್ತದೆ. 2,900 ಅಡಿಯ ನೆಲದಲ್ಲಿ 35 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ ಸುಮಾರು 6,000 ಅಡಿ ಎತ್ತರದ ಗಾಳಿಯಷ್ಟೇ ತೆಳ್ಳಗಿರುತ್ತದೆ. ಇಂಜಿನ್ ಸೊರಗುತ್ತದೆ, ಪ್ರೊಪೆಲ್ಲರ್ ಹಿಡಿತ ಸಡಿಲ, ಓಟ ಉದ್ದ, ಏರು ನಿಧಾನ. ಒಬ್ಬರೇ ಬೆಳಗ್ಗೆ 7 ಗಂಟೆಗೆ ಹಾರಿದ ನೆನಪಿಟ್ಟುಕೊಂಡು ಮಧ್ಯಾಹ್ನ 2 ಗಂಟೆಗೆ ದಪ್ಪ ಭಾವನನ್ನು ಕೂರಿಸಿಕೊಂಡು ಹೊರಡಬೇಡಿ. ಕೈಪಿಡಿಯ ಪಟ್ಟಿ ನೋಡಿ, ಬಂದ ಅಂಕಿಗೆ ಇನ್ನೂ ಸ್ವಲ್ಪ ಸೇರಿಸಿ. ಓಟದ ಅರ್ಧ ದಾರಿಗೆ ಒಂದು ಗುರುತು ಇಡಿ. ಅಲ್ಲಿಗೆ ಬರುವಷ್ಟರಲ್ಲಿ ಬೇಕಾದ ವೇಗ ಬಂದಿರದಿದ್ದರೆ ನಿಲ್ಲಿಸಿಬಿಡಿ.

ಬಂಕ್ ಪೆಟ್ರೋಲ್ ಹಾಕಬಹುದಾ?

ರೋಟಾಕ್ಸ್ 912 ಕಾರಿನ ಪೆಟ್ರೋಲ್‌ನಲ್ಲೂ ಓಡುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಒಪ್ಪಿಗೆ ಇರುವುದು ಎಥೆನಾಲ್ ನೂರಕ್ಕೆ 10ರವರೆಗೆ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು 20 ಭಾಗ ಬೆರೆಸಿದ್ದು. ಪೈಪು, ಸೀಲು ಹಾಳಾಗಬಹುದು, ಬಿಸಿಲಲ್ಲಿ ಪೈಪಿನೊಳಗೇ ಆವಿ ಕಟ್ಟಿ ಇಂಜಿನ್ ಕೆಮ್ಮಬಹುದು. ಹಾಕಬೇಡಿ. ದುಬಾರಿಯಾದರೂ ವಿಮಾನದ ಪೆಟ್ರೋಲೇ ಸರಿ.

ಹದ್ದು ಸುತ್ತುವ ಕಡೆ ನಾವೂ ಸುತ್ತಬಹುದಾ?

ಸುತ್ತಬೇಕು! ಕಾದ ನೆಲದಿಂದ ಬಿಸಿಗಾಳಿ ಕಂಬದಂತೆ ಏಳುತ್ತದೆ. ನಾವು ಅದಕ್ಕೆ ಥರ್ಮಲ್ ಅನ್ನುತ್ತೇವೆ. ಹದ್ದು ರೆಕ್ಕೆ ಬಡಿಯದೆ ಮೇಲೇರುತ್ತಿದ್ದರೆ ಅಲ್ಲಿ ಥರ್ಮಲ್ ಇದೆ ಎಂದೇ ಅರ್ಥ. ಬಂಡೆಗುಡ್ಡದ ಬಿಸಿಲು ಬಿದ್ದ ಮೈ, ಬೋಳು ಹೊಲ, ಊರಿನ ಚಾವಣಿಗಳು ಇವೆಲ್ಲ ಬೇಗ ಕಾಯುತ್ತವೆ. ಹಕ್ಕಿಗೆ ದಾರಿ ಬಿಟ್ಟು ಸುತ್ತಿ. ಗಾಬರಿಯಾದ ಹದ್ದು ಸಾಮಾನ್ಯವಾಗಿ ರೆಕ್ಕೆ ಮಡಚಿ ಕೆಳಕ್ಕೆ ಬೀಳುತ್ತದೆ, ಹಾಗಾಗಿ ಅದರ ಕೆಳಗೆ ನುಗ್ಗಬೇಡಿ. ಮೊದಲೇ ಇನ್ನೊಂದು ಗ್ಲೈಡರ್ ಸುತ್ತುತ್ತಿದ್ದರೆ ಅದು ತಿರುಗುವ ಕಡೆಗೇ ನೀವೂ ತಿರುಗಬೇಕು. ಈ ನಿಯಮಕ್ಕೆ ರಿಯಾಯಿತಿ ಇಲ್ಲ.

ಅಪಾಯ ಇರುವುದು ಸುತ್ತುವ ರೀತಿಯಲ್ಲಿ. 45 ಡಿಗ್ರಿ ವಾಲಿ ಸುತ್ತುವಾಗ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗ ನೂರಕ್ಕೆ 19ರಷ್ಟು ಏರುತ್ತದೆ. 60 ಡಿಗ್ರಿಗೆ ನೂರಕ್ಕೆ 41. ನೇರ ಹಾರುವಾಗ 40 ನಾಟ್‌ಗೆ ಸ್ಟಾಲ್ ಆಗುವುದು 60 ಡಿಗ್ರಿಯಲ್ಲಿ 56 ನಾಟ್‌ಗೇ ಆಗುತ್ತದೆ. ರೆಕ್ಕೆ ಉದ್ದ ಇರುವುದರಿಂದ ಬರೀ ಸ್ಟಿಕ್ ಪಕ್ಕಕ್ಕೆ ವಾಲಿಸಿದರೆ ಮೂಗು ಎದುರು ದಿಕ್ಕಿಗೆ ಓಲಾಡುತ್ತದೆ, ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಕೂಡ ಒತ್ತಬೇಕು. ಗಾಜಿನ ಮೇಲೆ ಅಂಟಿಸಿದ ಉಣ್ಣೆ ದಾರ ನೆಟ್ಟಗಿದ್ದರೆ ಸರಿ. ಎಷ್ಟೇ ದುಬಾರಿ ಪರದೆಗಳಿರಲಿ, ನನಗೆ ಆ ನಾಲ್ಕಾಣೆ ದಾರದ ಮೇಲೇ ನಂಬಿಕೆ.

ಸ್ಪಿನ್‌ಗೆ ಬಿದ್ದರೆ, ಅಂದರೆ ಸ್ಟಾಲ್ ಆಗಿ ಗಿರಗಿರ ಸುತ್ತುತ್ತಾ ಕೆಳಗೆ ಬೀಳತೊಡಗಿದರೆ, ಶಕ್ತಿ ಕಡಿಮೆ ಮಾಡಿ, ತಿರುಗುತ್ತಿರುವ ದಿಕ್ಕಿಗೆ ಎದುರಾಗಿ ಪೂರ್ತಿ ರಡ್ಡರ್, ಸ್ಟಿಕ್ ಮುಂದಕ್ಕೆ, ತಿರುಗುವುದು ನಿಂತ ಮೇಲೆ ರಡ್ಡರ್ ನಡುವಿಗೆ, ಆಮೇಲೆ ಮೆಲ್ಲಗೆ ಮೇಲೆತ್ತಿ. ಗುರುಗಳ ಜೊತೆ, ಸ್ಪಿನ್‌ಗೆ ಒಪ್ಪಿಗೆ ಇರುವ ವಿಮಾನದಲ್ಲಿ ಮಾಡಿ ನೋಡಿರಬೇಕು. ಇಳಿಸುವಾಗಿನ ಕೊನೆಯ ತಿರುವಿನಲ್ಲಿ ಸ್ಪಿನ್ ಆದರೆ ಇದ್ಯಾವುದಕ್ಕೂ ಎತ್ತರ ಇರುವುದಿಲ್ಲ. ಅಲ್ಲಿ ವೇಗ ಬಿಡಬೇಡಿ. ವೇಗದ ಮೀಟರ್ ಮೇಲಿನ ಹಳದಿ ತ್ರಿಕೋನ ಇರುವುದು ಅದಕ್ಕೇ, ಇಳಿಯುವಾಗ ಅದಕ್ಕಿಂತ ಕಡಿಮೆ ಬೇಡ.

ನಂದಿ ಬೆಟ್ಟದ ಪಕ್ಕ ಹಾರಬಹುದಾ?

ಆಸೆ ನನಗೂ ಇದೆ. ಜೂನ್‌ನಿಂದ ಪಶ್ಚಿಮದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣ, ಯಲಹಂಕದ ವಾಯುಪಡೆ ನೆಲೆ ಎರಡೂ ಹತ್ತಿರ. ಆಕಾಶ ಖಾಲಿ ಕಂಡರೂ ಖಾಲಿ ಅಲ್ಲ. ಏರ್ ಟ್ರಾಫಿಕ್ ಕಂಟ್ರೋಲ್‌ನವರ ಒಪ್ಪಿಗೆ, ಏರ್ ಡಿಫೆನ್ಸ್ (ವಾಯುರಕ್ಷಣೆ) ಕ್ಲಿಯರೆನ್ಸ್ ನಂಬರ್ ಇಲ್ಲದೆ ಅತ್ತ ತಲೆ ಹಾಕಬೇಡಿ.

ದೇವರಾಯನದುರ್ಗವಿರಲಿ, ಅಂತರಗಂಗೆಯಿರಲಿ, ಯಾವ ಬೆಟ್ಟಕ್ಕೂ ಒಂದೇ ಮಾತು. ತಿರುಗುವಾಗ ಯಾವಾಗಲೂ ಬೆಟ್ಟದಿಂದ ಆಚೆಗೆ ತಿರುಗಿ. ಗಾಳಿಯ ಮರೆಯ ಬದಿಗೆ ಹೋಗಬೇಡಿ. ಅಲ್ಲಿ ಗಾಳಿ ಜಲಪಾತದಂತೆ ಕೆಳಗೆ ಸುರಿಯುತ್ತದೆ, ಇಂಜಿನ್ ಓಡುತ್ತಿದ್ದರೂ ಗೆಲ್ಲುವುದು ಕಷ್ಟ.

ಮಳೆ ಮೋಡ ಬಂದರೆ?

ಇಳಿದು ಟೀ ಕುಡಿಯಿರಿ. ಏಪ್ರಿಲ್, ಮೇ ತಿಂಗಳ ಮಾವಿನ ಮಳೆ ಮಧ್ಯಾಹ್ನದ ಮೇಲೆ ಒಂದು ಗಂಟೆಯಲ್ಲಿ ಕಟ್ಟಿಬಿಡುತ್ತದೆ. ಬುಡ ಕಪ್ಪಾದ ಮೋಡದ ಕೆಳಗೆ ಒಳ್ಳೆಯ ಏರು ಸಿಗುತ್ತದೆ. ಅದೇ ಆಮಿಷ. ಏರ್‌ಬ್ರೇಕ್ (ಬೇಗ ಇಳಿಯಲು ರೆಕ್ಕೆಯಿಂದ ಎದ್ದು ನಿಲ್ಲುವ ಹಲಗೆ) ಪೂರ್ತಿ ತೆಗೆದರೂ ಇಳಿಯಲಾಗದಷ್ಟು ಮೇಲಕ್ಕೆ ಎಳೆಯುವ ಮೋಡಗಳಿವೆ. ಮಳೆ ಹತ್ತಾರು ಕಿಲೋಮೀಟರ್ ಆಚೆ ಇದ್ದರೂ ಅದರ ಮುಂದೆ ನುಗ್ಗುವ ಧೂಳುಗಾಳಿ ಮೊದಲೇ ಬರುತ್ತದೆ. ನಮ್ಮ ಅಜ್ಜಿ ಆ ಗಾಳಿ ಬಂದ ಕೂಡಲೇ ಅಂಗಳದಲ್ಲಿ ಹರಡಿದ ರಾಗಿ ಬಾಚುತ್ತಿದ್ದರು. ಪೈಲಟ್ ಅವರಿಗಿಂತ ಮುಂಚೆ ಏಳಬೇಕು.

ದಾರಿ ಯಾರು ಯಾರಿಗೆ ಬಿಡಬೇಕು?

ಇಂಜಿನ್ ವಿಮಾನ ಗ್ಲೈಡರ್‌ಗೆ, ಗ್ಲೈಡರ್ ಬಲೂನಿಗೆ. ನಿಮ್ಮ ಇಂಜಿನ್ ಓಡುತ್ತಿರುವಷ್ಟು ಹೊತ್ತು ನೀವೂ ಇಂಜಿನ್ ವಿಮಾನವೇ. ಎದುರುಬದುರಾದರೆ ಇಬ್ಬರೂ ಬಲಕ್ಕೆ. ರಸ್ತೆಯಲ್ಲಿ ಎಡಕ್ಕೆ ಸರಿಯುವ ಅಭ್ಯಾಸ ಇಲ್ಲಿ ಮರೆಯಿರಿ.

ಏರ್‌ಬ್ರೇಕ್ ಬಗ್ಗೆ ಏನು ಗಮನಿಸಬೇಕು?

ಹೊರಡುವ ಮೊದಲು ಮುಚ್ಚಿ, ಲಾಕ್ ಮಾಡಿ, ಕಿಟಕಿಯಿಂದ ಎರಡೂ ರೆಕ್ಕೆ ನೋಡಿ. ಲಾಕ್ ಆಗದೆ ಹೊರಟು, ಮೇಲೆ ತಾನಾಗಿ ತೆರೆದುಕೊಂಡು, ಏರದೆ ಬಿದ್ದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಏರು ಸಾಲದೆಂದು ಅನ್ನಿಸಿದ ಕೂಡಲೇ ಇಂಜಿನ್ ಬಯ್ಯುವ ಮೊದಲು ಆ ನೀಲಿ ಹಿಡಿ ಮುಟ್ಟಿ ನೋಡಿ.

ಹೊಲದಲ್ಲಿ ಇಳಿದ ಮೇಲೆ ಏನು ಮಾಡಬೇಕು?

ಎಲ್ಲ ಸ್ವಿಚ್ ಆರಿಸಿ, ಕಾಕ್ ಮುಚ್ಚಿ, ಇಳಿದು ಪ್ರೊಪೆಲ್ಲರ್ ಮುಂದೆ ನೀವೇ ನಿಂತುಕೊಳ್ಳಿ. ಹತ್ತು ನಿಮಿಷದಲ್ಲಿ ಊರೇ ಬರುತ್ತದೆ. ಮಕ್ಕಳು ಮೊದಲು ಮುಟ್ಟುವುದು ಅದನ್ನೇ. ರೇಡಿಯೋದಲ್ಲಿ ಇಳಿದ ವಿಷಯ ತಿಳಿಸಿ, ಸಿಗದಿದ್ದರೆ ಫೋನ್ ಮಾಡಿ. ಇಲ್ಲದಿದ್ದರೆ ಸುಮ್ನೆ ಹುಡುಕಾಟ ಶುರುವಾಗುತ್ತದೆ. ಹೊಲದವರನ್ನು ಹುಡುಕಿ ಮೊದಲು ಕ್ಷಮೆ ಕೇಳಿ. ಬೆಳೆಗೆ ಏಟು ಬಿದ್ದಿದ್ದರೆ ದುಡ್ಡಿನ ಮಾತು ನೀವೇ ತೆಗೆಯಿರಿ. ಪೊಲೀಸರು ಬಂದರೆ ಲೈಸೆನ್ಸ್, ಹಾರಾಟದ ಕಾಗದ ತೋರಿಸಲು ಕೈಗೆ ಸಿಗುವಂತಿರಲಿ.

ಇಂಜಿನ್ ಸರಿಯಾಯಿತೆಂದು ಅದೇ ಹೊಲದಿಂದ ಹಾರಿ ಹೋಗುವ ಯೋಚನೆ ಬೇಡ. ಇಳಿಯಲು ಸಾಕಾದ ಹೊಲ ಏರಲು ಸಾಲದು. ನನ್ನ ಪೆಟ್ರೋಲ್ ಕಾಕ್ ಕಥೆಯ ದಿನ ರೆಕ್ಕೆ ಬಿಚ್ಚಿ, ಟ್ರೇಲರ್‌ನಲ್ಲಿ ಹಾಕಿಕೊಂಡು ಹೊರಡುವಾಗ ಕತ್ತಲಾಗಿತ್ತು. ಹೊಲದ ಯಜಮಾನರು ಟಾರ್ಚ್ ಹಿಡಿದು ನಿಂತಿದ್ದರು. ಕೊನೆಗೆ ಕೇಳಿದರು, "ಅಲ್ಲಪ್ಪ, ಇಷ್ಟುದ್ದ ರೆಕ್ಕೆ ಇದ್ದ ಮೇಲೆ ಇಂಜಿನ್ ಯಾಕೆ ಬೇಕಿತ್ತು?" ಗುರುಗಳು ನನ್ನ ಕಡೆ ನೋಡಿ, "ನೀನೇ ಹೇಳು" ಅಂದರು.